ನಮ್ಮ ಮನೆಯ ಬಚ್ಚಲು, ದೆಹಲಿಯ ಒಳಚರಂಡಿ

(ಲೋಧಿ ಕಾಲೋನಿಯ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ಮಾತನಾಡಲು ಎದ್ದವರು ಪಂಪ ರನ್ನರಿಂದ ಮೊದಲು ಮಾಡುವುದು ವಾಡಿಕೆ. ನಾವು ಈ ದಿನ ಮೋರಿಯಿಂದ ಮೊದಲು ಮಾಡುತ್ತಿದ್ದೇವೆ. ವಿಷಯವನ್ನು ಕೇಳಿದೊಡನೆ ಯಾರೂ ಮೂಗು ಮುಚ್ಚಿಕೊಳ್ಳಬಾರದಾಗಿ ಪ್ರಾರ್ಥನೆ. ಊರೆಲ್ಲವೂ ಮೂಗು ಮುಚ್ಚಿಕೊಂಡು ಆಚೆ ನೋಡಿದುದರಿಂದಲೇ ಈ ವಿಷಯ ಯಾರಿಗೂ ಸರಿಯಾಗಿ ತಿಳಿಯದೆ ಉಳಿದಿದೆ. ಪಂಪನ ಮೇಲೆ ಮಾತನಾಡಲು ನಮಗಿಂತ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಮೋರಿಯ ಮೇಲೆ ಮಾತನಾಡುವವರು ಕಡಮೆ.

ನಮ್ಮಲ್ಲಿ ಬಹುಮಂದಿಯ ಹಿರಿಯರು ದೆಹಲಿಗೆ ಬಂದದ್ದು ಹಿತ್ತಿಲು ಇದ್ದ ಮನೆಗಳಿಂದ. ಮಲೆನಾಡಾಗಲಿ ಬಯಲುಸೀಮೆಯಾಗಲಿ, ಬಚ್ಚಲ ನೀರು ಮನೆಯ ಹಿಂದಿನ ಬಾಳೆಯ ಬುಡಕ್ಕೋ ತೆಂಗಿನ ಪಾತಿಗೋ ಕೆಸುವಿನ ಮಡಿಗೋ ಹೋಗುತ್ತಿತ್ತು. ಅಕ್ಕಿ ತೊಳೆದ ನೀರೂ ಉಳಿದ ಗಂಜಿಯೂ ಕಲಗಚ್ಚಿನ ಬಾನಿಗೆ ಬಿದ್ದು ಹಸುವಿನ ಹೊಟ್ಟೆ ಸೇರುತ್ತಿದ್ದವು. ಜಿಡ್ಡಿನ ಪಾತ್ರೆಗೆ ಬೂದಿ, ತಲೆಗೆ ಸೀಗೆಪುಡಿ. ಸುರಿದದ್ದನ್ನು ಮಣ್ಣು ನುಂಗುತ್ತಿತ್ತು. ನುಂಗದಿದ್ದರೆ ಕಣ್ಣೆದುರಿಗೇ ನಿಂತು ನಾರುತ್ತಿತ್ತು, ಮನೆಯವರೇ ಗುದ್ದಲಿ ಹಿಡಿದು ಬಿಡಿಸುತ್ತಿದ್ದರು. ಆ ಏರ್ಪಾಡು ಆ ಊರಿಗೆ ಸರಿಯಾಗಿಯೇ ಇತ್ತು. ಬಚ್ಚಲಿಗೆ ಏನನ್ನು ಸುರಿದರೂ ಬಾಳೆಗೆ ಒಳ್ಳೆಯದೇ ಎಂಬ ಭಾವನೆ ಕೈಯಲ್ಲಿ ಕೂತುಬಿಟ್ಟಿತು. ಕೈ ದೆಹಲಿಗೆ ಬಂದಿತು, ಹಿತ್ತಿಲು ಬರಲಿಲ್ಲ. ಇಲ್ಲಿ ಕೊಳವೆಯ ಬಾಯಿಗೆ ಸುರಿದದ್ದು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಹಾಗಾದರೆ ಅದು ಎಲ್ಲಿಗೆ ಹೋಗುತ್ತದೆ? ನಮ್ಮ ಕಾಲೋನಿಯನ್ನೇ ತೆಗೆದುಕೊಳ್ಳೋಣ. ಇದು ಬ್ರಿಟಿಷರ ಆಳ್ವಿಕೆಯ ಕೊನೆಗಾಲದಲ್ಲಿ, 1940ರ ದಶಕದಲ್ಲಿ, ಸರ್ಕಾರಿ ನೌಕರರಿಗೆಂದು ಕಟ್ಟಿದ ವಸತಿ. ಎತ್ತರದ ಕಮಾನು ಬಾಗಿಲುಗಳು, ನಡುವೆ ಹುಲ್ಲಿನ ಅಂಗಳ, ಹಿಂದೆ ಸೇವೆಯ ಓಣಿ. ಈಗ್ಗೆ ಹತ್ತು ವರ್ಷಗಳಿಂದ ಈ ಗೋಡೆಗಳ ಮೇಲೆ ದೇಶವಿದೇಶದ ಕಲಾವಿದರು ಬರೆದ ಚಿತ್ರಗಳನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಗೋಡೆಯನ್ನು ನೋಡುವವರಲ್ಲಿ ಒಬ್ಬರಾದರೂ ಹಿಂದಿನ ಓಣಿಗೆ ಹೋಗಿ ನೆಲವನ್ನು ನೋಡಿದ್ದರೆ, ಅಲ್ಲಿ ಸಾಲಾಗಿ ಕೂತಿರುವ ಕಬ್ಬಿಣದ ಮುಚ್ಚಳಗಳು ಕಂಡಿರುತ್ತಿದ್ದವು. ನಮ್ಮ ಕಥೆ ಇರುವುದು ಆ ಮುಚ್ಚಳಗಳ ಕೆಳಗೆ.

ಅಡುಗೆಮನೆಯ ತೊಟ್ಟಿಯಿಂದಲೂ ಸ್ನಾನದ ಮನೆಯಿಂದಲೂ ಇಳಿದ ನೀರು ಮೊದಲು ಒಂದು ಬಾಗಿದ ಕೊಳವೆಯನ್ನು ಹಾದುಹೋಗುತ್ತದೆ. ಆ ಬಾಗಿನಲ್ಲಿ ಎರಡಂಗುಲದಷ್ಟು ನೀರು ಸದಾ ನಿಂತಿರುತ್ತದೆ. ಅದು ಕೊಳೆ ಕಟ್ಟಿ ನಿಂತ ನೀರಲ್ಲ, ಕಾವಲಿಗೆ ಇಟ್ಟ ನೀರು: ಕೆಳಗಿನ ಕೆಟ್ಟ ಗಾಳಿ, ಜಿರಳೆ ಮೇಲೆ ಬರದಂತೆ ತಡೆಯುವ ಬಾಗಿಲು. ನಮ್ಮವರು ಮೇ ತಿಂಗಳಲ್ಲಿ ಮಕ್ಕಳ ಶಾಲೆಗೆ ರಜೆ ಬಂದೊಡನೆ ಮನೆಗೆ ಬೀಗ ಹಾಕಿ ಊರಿಗೆ ಹೋಗುತ್ತಾರೆ. ದೆಹಲಿಯ ಬೇಸಗೆಯಲ್ಲಿ ಆ ಎರಡಂಗುಲ ನೀರು ಆರಿಹೋಗುತ್ತದೆ. ಒಂದೂವರೆ ತಿಂಗಳ ಮೇಲೆ ಬೀಗ ತೆಗೆದಾಗ ಮನೆಯೆಲ್ಲ ನಾತ ಹೊಡೆದರೆ ಮೋರಿ ಕಟ್ಟಿದೆಯೆಂದು ಗಾಬರಿಪಡಬೇಕಾಗಿಲ್ಲ. ಎಲ್ಲ ಬಚ್ಚಲುಗಳಿಗೂ ಒಂದೊಂದು ಬಕೀಟು ನೀರು ಹೊಯ್ದರೆ ಸಾಕು, ಬಾಗಿಲು ಮತ್ತೆ ಮುಚ್ಚುತ್ತದೆ.

ಅಲ್ಲಿಂದ ನೀರು ಹಿತ್ತಿಲ ಕಡೆಯ ಜಾಲಿಯ ಕೆಳಗಿರುವ ಗಲ್ಲಿ ಟ್ರ್ಯಾಪಿಗೆ, ಅಲ್ಲಿಂದ ಇಟ್ಟಿಗೆಯ ಚೇಂಬರಿಗೆ, ಚೇಂಬರಿನಿಂದ ಓಣಿಯ ಸೀವರಿಗೆ, ಓಣಿಯಿಂದ ರಸ್ತೆಯ ದೊಡ್ಡ ಸೀವರಿಗೆ ಹೋಗುತ್ತದೆ. ಸಣ್ಣ ಕೊಳವೆಗಳ ಸಾಲಿನಲ್ಲಿ ಸುಮಾರು 30 ಮೀಟರಿಗೊಂದರಂತೆ ಮ್ಯಾನ್‌ಹೋಲ್ ಇಡುವುದು ರೂಢಿ. ಈ ದಾರಿಯ ಬಹುಭಾಗದಲ್ಲಿ ನೀರನ್ನು ತಳ್ಳುವ ಯಂತ್ರವಿಲ್ಲ. ಇಳಿಜಾರೇ ಯಂತ್ರ. ನಾಲ್ಕಂಗುಲದ ಕೊಳವೆಗೆ ನಲವತ್ತು ಅಡಿಗೆ ಒಂದು ಅಡಿ ಇಳಿತ, ಆರಂಗುಲಕ್ಕೆ ಅರವತ್ತು ಅಡಿಗೆ ಒಂದು ಅಡಿ ಎಂದು ಹಳೆಯ ಮೇಸ್ತ್ರಿಗಳು ಬಾಯಿಪಾಠ ಮಾಡಿಕೊಂಡಿದ್ದ ಲೆಕ್ಕ. ಕೊಳೆನೀರು ಸೆಕೆಂಡಿಗೆ 60 ಸೆಂಟಿಮೀಟರಿಗೆ ಕಡಮೆಯಿಲ್ಲದಂತೆ ಹರಿಯಬೇಕೆಂದು ಇಂಜಿನಿಯರುಗಳ ನಿಯಮ. ಗಂಟೆಗೆ ಎರಡು ಕಿಲೋಮೀಟರಿಗೆ ತುಸು ಹೆಚ್ಚು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವವರ ನಡಿಗೆ ಎನ್ನಿ. ಅಷ್ಟು ನಡಿಗೆ ಇದ್ದರೆ ಮರಳು ಮಣ್ಣು ತಳದಲ್ಲಿ ಕೂರದೆ ನೀರಿನೊಡನೆ ಸಾಗುತ್ತದೆ. ಅದಕ್ಕಿಂತ ನಿಧಾನವಾಯಿತೋ, ಮೊದಲು ಮರಳು ಕೂರುತ್ತದೆ, ಮರಳಿಗೆ ಜಿಡ್ಡು ಅಂಟುತ್ತದೆ, ಜಿಡ್ಡಿಗೆ ಕೂದಲು, ಕೂದಲಿಗೆ ಬಟ್ಟೆ ಚಿಂದಿ. ಕೊಳವೆಯೊಳಗೆ ಒಡ್ಡು ಬೆಳೆಯುವುದು ಹೀಗೆ. ಒಂದೇ ದಿನದಲ್ಲಿ ಕಟ್ಟುವ ಮೋರಿ ಬಹಳ ಅಪರೂಪ. ತಿಂಗಳುಗಟ್ಟಲೆ ಕಟ್ಟಿಕೊಳ್ಳುತ್ತ ಬಂದದ್ದು ಒಂದು ದಿನ ಕಾಣಿಸಿಕೊಳ್ಳುತ್ತದೆ.

ದಕ್ಷಿಣ ದೆಹಲಿಯ ಕೊಳೆನೀರಿನ ದೊಡ್ಡ ಪಾಲು ಕೊನೆಗೆ ಸೇರುವುದು ಓಖ್ಲಾದ ಶುದ್ಧೀಕರಣ ಸ್ಥಾವರಕ್ಕೆ. ಅಲ್ಲಿ 1937ರಿಂದ ಈ ಕೆಲಸ ನಡೆಯುತ್ತಿದೆ. ಮಳೆನೀರಿನ ದಾರಿ ಬೇರೆ: ರಸ್ತೆಯ ಬದಿಯ ಚರಂಡಿಯಿಂದ ಕುಶಕ್ ನಾಲಾ, ಅಲ್ಲಿಂದ ಬಾರಾಪುಲ್ಲಾ ನಾಲಾ, ಕಡೆಗೆ ಯಮುನೆ. ಜಹಾಂಗೀರನ ಕಾಲದಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇಂದಿಗೂ ಆ ನಾಲೆಯ ಮೇಲೆ ನಿಂತಿದೆ. ಅದರ ಕೆಳಗೆ ಹರಿಯಬೇಕಾದದ್ದು ಮಳೆನೀರು. ಹರಿಯುತ್ತಿರುವುದು ಏನೆಂದು ರೈಲಿನ ಕಿಟಕಿಯಿಂದ ನೋಡಿದವರಿಗೆಲ್ಲ ಗೊತ್ತು. ಸೀವರು ಕಟ್ಟಿದಾಗ ಕೊಳೆನೀರು ಉಕ್ಕಿ ಮಳೆಯ ಚರಂಡಿಗೆ ಹೋಗುತ್ತದೆ, ಸೀವರು ಇಲ್ಲದ ಬಡಾವಣೆಗಳಿಂದ ನೇರವಾಗಿಯೇ ಹೋಗುತ್ತದೆ. ವಜೀರಾಬಾದಿನಿಂದ ಓಖ್ಲಾವರೆಗಿನ 22 ಕಿಲೋಮೀಟರು ನದಿಯ ಒಟ್ಟು ಉದ್ದದಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ. ಆದರೆ ಯಮುನೆಯ ಹೊಲಸಿನ ಬಹುಪಾಲು ಸೇರುವುದು ಅಷ್ಟರಲ್ಲಿಯೇ.

ಚರಂಡಿ ಕೆಟ್ಟರೆ ಏನಾಗುತ್ತದೆಂಬುದಕ್ಕೆ ದೆಹಲಿಯ ಚರಿತ್ರೆಯಲ್ಲೇ ಒಂದು ದೊಡ್ಡ ಸಾಕ್ಷ್ಯವಿದೆ. 1955ರ ಸೆಪ್ಟೆಂಬರಿನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಹೊರಬಿದ್ದು, ಏಕೀಕರಣದ ಮಾತು ಎಲ್ಲ ಕನ್ನಡಿಗರ ಬಾಯಲ್ಲಿದ್ದ ಕಾಲ. ಆ ವರ್ಷದ ಮಳೆಗಾಲದ ನೆರೆಯಲ್ಲಿ ಯಮುನೆ ತನ್ನ ಹರಿವಿನ ದಾರಿಯನ್ನು ಬದಲಿಸಿತು. ನಜಫ್‌ಗಢ ನಾಲೆಯ ಕೊಳೆನೀರು ಹಿಂದಕ್ಕೆ ಒತ್ತಿ, ಕುಡಿಯುವ ನೀರನ್ನು ಎತ್ತುವ ವಜೀರಾಬಾದಿನ ಸ್ಥಳವನ್ನು ನವೆಂಬರಿನಲ್ಲಿ ಮುಟ್ಟಿತು. ನೀರಿಗೆ ಕ್ಲೋರೀನನ್ನು ಹೆಚ್ಚಾಗಿ ಬೆರೆಸಿದರು. ಟೈಫಾಯಿಡ್ ಹೆಚ್ಚಲಿಲ್ಲ, ಎಲ್ಲರೂ ಪಾರಾದೆವೆಂದುಕೊಂಡರು. ಆರು ವಾರವಾಗುವುದರೊಳಗೆ ನಗರದಲ್ಲಿ ಕಾಮಾಲೆ ಎದ್ದಿತು. 1955ರ ಡಿಸೆಂಬರ್, 1956ರ ಜನವರಿ, ಈ ಎರಡೇ ತಿಂಗಳಲ್ಲಿ ಕಣ್ಣು ಹಳದಿಯಾದವರು ಸುಮಾರು 29,300 ಮಂದಿ. ಗರ್ಭಿಣಿಯರಿಗೆ ತಗುಲಿದ ಪೆಟ್ಟು ಉಳಿದವರಿಗಿಂತ ಭಾರಿಯಾಗಿತ್ತು. ಆ ರೋಗದ ವಿಷಾಣು ಯಾವುದೆಂದು ತಿಳಿದದ್ದು ದಶಕಗಳ ಬಳಿಕ. ಅದನ್ನು ಇಂದು ಹೆಪಟೈಟಿಸ್ ಇ ಎನ್ನುತ್ತಾರೆ. ಕೊಳೆನೀರು ಕುಡಿಯುವ ನೀರನ್ನು ಮುಟ್ಟಲು ನದಿಯೇ ತಿರುಗಬೇಕೆಂದೇನೂ ಇಲ್ಲ. ಓಣಿಯಲ್ಲಿ ಉಕ್ಕಿ ನಿಂತ ಸೀವರಿನ ಪಕ್ಕದಲ್ಲಿ ಒಂದು ಹಳೆಯ, ಬಿರುಕುಬಿಟ್ಟ ನಲ್ಲಿಯ ಕೊಳವೆ ಇದ್ದು, ನೀರು ಬಿಡದ ಹೊತ್ತಿನಲ್ಲಿ ಅದು ಖಾಲಿಯಾಗಿದ್ದರೆ, ಅಷ್ಟೇ ಸಾಕು.

ಇನ್ನು ನಗರದವರು ಈ ಕೊಳವೆಗಳನ್ನು ನೋಡಿಕೊಳ್ಳುವ ಬಗೆ. ಯಾರು ನೋಡಿಕೊಳ್ಳುತ್ತಾರೆಂಬುದೇ ಮೊದಲ ತೊಡಕು. ಸರ್ಕಾರಿ ಕ್ವಾರ್ಟರ್ಸಿನ ಒಳಗಿನ ಕೊಳವೆ, ಹಿತ್ತಿಲ ಚೇಂಬರು ಸಾಮಾನ್ಯವಾಗಿ ಕೇಂದ್ರ ಲೋಕೋಪಯೋಗಿ ಇಲಾಖೆಯ ಹೊಣೆ. ನಾವೆಲ್ಲರೂ ‘ಎನ್ಕ್ವೈರಿ’ ಎಂದು ಕರೆಯುವ ಕಚೇರಿಯಲ್ಲಿ ದೂರು ಬರೆಸಬೇಕು. ನವದೆಹಲಿ ಪುರಸಭೆಯ ಎಲ್ಲೆಯೊಳಗಿನ ರಸ್ತೆಯ ಸೀವರುಗಳು ಆ ಸಭೆಯವು. ಅದರಾಚೆಯ ದೆಹಲಿಯಲ್ಲಿ ಸೀವರುಗಳೂ, ದೊಡ್ಡ ಕೊಳವೆಗಳೂ, ಬಹುಪಾಲು ಸ್ಥಾವರಗಳೂ 1998ರಲ್ಲಿ ಸ್ಥಾಪಿತವಾದ ದೆಹಲಿ ಜಲಮಂಡಳಿಯ ವಶದಲ್ಲಿವೆ. ಒಂದೇ ಕೊಳೆನೀರು ಮೂರು ಕಚೇರಿಗಳ ಗಡಿಯನ್ನು ದಾಟುತ್ತದೆ. ನೀರಿಗೆ ಗಡಿ ಗೊತ್ತಿಲ್ಲ, ಕಚೇರಿಗಳಿಗೆ ಚೆನ್ನಾಗಿ ಗೊತ್ತು. ಆದುದರಿಂದ ದೂರು ಕೊಡುವವರು ತಡೆ ಎಲ್ಲಿದೆಯೆಂದು ಅಂದಾಜಾಗಿಯಾದರೂ ಹೇಳಬಲ್ಲವರಾಗಿರಬೇಕು. ಅದೇನೂ ಕಷ್ಟದ ವಿದ್ಯೆಯಲ್ಲ. ಒಂದು ಬಚ್ಚಲು ಮಾತ್ರ ನಿಂತಿದ್ದರೆ ತಡೆ ಮನೆಯೊಳಗಿದೆ. ಮನೆಯ ಎಲ್ಲ ಬಚ್ಚಲುಗಳೂ ನಿಧಾನವಾಗಿದ್ದು, ಕೆಳಗಿನ ಮನೆಯವರ ಜಾಲಿ ಉಕ್ಕುತ್ತಿದ್ದರೆ ಚೇಂಬರಿನ ಆಚೆ ಇದೆ. ಓಣಿಯ ನಾಲ್ಕಾರು ಮನೆಗಳಿಗೂ ಒಟ್ಟಿಗೆ ತೊಂದರೆಯಾದರೆ ರಸ್ತೆಯ ಸಾಲಿನಲ್ಲಿದೆ.

ಸೀವರಿನ ಕೆಲಸಗಾರರು ತಡೆಯನ್ನು ಹುಡುಕುವುದೂ ಇದೇ ತರ್ಕದಿಂದ. ಒಂದರ ಮೇಲೊಂದು ಮುಚ್ಚಳ ತೆಗೆಸಿ ನೋಡುತ್ತ ಇಳಿಜಾರಿನ ಕಡೆಗೆ ಹೋಗುತ್ತಾರೆ. ಒಂದು ಗುಂಡಿ ತುಂಬಿ ನಿಂತಿರುತ್ತದೆ, ಅದರ ಮುಂದಿನದು ಬರಿದಾಗಿರುತ್ತದೆ. ಕಳ್ಳ ಸಿಕ್ಕಿದಂತೆಯೇ: ತಡೆ ಆ ಎರಡರ ನಡುವೆ. ಹಿಂದಿನವರು ಉದ್ದನೆಯ ಬಿದಿರಿನ ಸೀಳುಗಳನ್ನು ಒಂದಕ್ಕೊಂದು ಕಟ್ಟಿ ತೂರಿಸಿ ತಿವಿಯುತ್ತಿದ್ದರು. ಇಲ್ಲಿಯವರು ಅದನ್ನು ಖಪಚ್ಚಿ ಎನ್ನುತ್ತಾರೆ. ಈಗ ಜೆಟ್ಟಿಂಗ್ ಗಾಡಿ ಬರುತ್ತದೆ. ಗಟ್ಟಿಮುಟ್ಟಾದ ಕೊಳವೆಯ ತುದಿಯ ಮೂತಿಯಿಂದ ನೀರು ಹಿಂದಕ್ಕೆ ರಭಸವಾಗಿ ಚಿಮ್ಮುತ್ತದೆ. ಆ ಚಿಮ್ಮುವಿಕೆಯ ಬಲದಿಂದಲೇ ಮೂತಿ ಮುಂದಕ್ಕೆ ನುಗ್ಗಿ, ಬರುವಾಗ ಹೂಳನ್ನು ಬಾಚಿ ಗುಂಡಿಗೆ ತರುತ್ತದೆ. ಇನ್ನೊಂದು ಗಾಡಿ ಆ ಹೂಳನ್ನು ಹೀರಿಕೊಳ್ಳುತ್ತದೆ. ದೊಡ್ಡ ಸೀವರುಗಳಿಗೆ ಇವೆರಡೂ ಕೂಡಿದ, ಹೀರಿದ ನೀರನ್ನೇ ಸೋಸಿ ಮತ್ತೆ ಚಿಮ್ಮಿಸುವ ಭಾರಿ ಯಂತ್ರಗಳುಂಟು. ಇಲ್ಲವಾದರೆ ಎರಡು ಗುಂಡಿಗಳ ಬಾಯಲ್ಲಿ ರಾಟೆ ನಿಲ್ಲಿಸಿ, ಬಾವಿಯಿಂದ ನೀರು ಸೇದುವಂತೆ, ತಳದಲ್ಲಿ ಬಕೀಟನ್ನು ಎಳೆದು ಹೂಳೆತ್ತುತ್ತಾರೆ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್‌ನಿಂದ ಜೂನ್‌ವರೆಗೆ, ಹೂಳೆತ್ತುವ ಕೆಲಸ ನಗರದಲ್ಲೆಲ್ಲ ನಡೆಯುತ್ತದೆ. ಎತ್ತಿದ ಹೂಳನ್ನು ಅಂಚಿನಲ್ಲೇ ಗುಡ್ಡೆ ಹಾಕಿ, ಸಾಗಿಸುವ ಮೊದಲೇ ಮಳೆ ಬಂದು ಅದೇ ಹೂಳು ಅದೇ ಚರಂಡಿಗೆ ಇಳಿಯುವ ದೃಶ್ಯವನ್ನು ನೋಡದ ದೆಹಲಿಯವರು ಇರಲಾರರು. ಅಂಥದು ಕಂಡರೆ ಫೋಟೋ ತೆಗೆದು ದೂರು ಕೊಡುವುದು ನಿವಾಸಿಗಳ ಹಕ್ಕು.

ಇಲ್ಲಿಯವರೆಗೆ ಹೇಳಿದ್ದು ಕೊಳವೆಯ ಕಥೆ. ಇನ್ನು ಹೇಳಬೇಕಾದದ್ದು ಮನುಷ್ಯನ ಕಥೆ. ನಾವು ಇಂದು ಮಾತನಾಡಲು ಒಪ್ಪಿಕೊಂಡದ್ದು ಅದಕ್ಕಾಗಿ.

ಮುಚ್ಚಿದ ಸೀವರಿನಲ್ಲಿ ಕೊಳೆತದ್ದರಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಗಾಳಿ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ. ಅದು ಹೆಚ್ಚಾದಂತೆ ಮೂಗಿನ ಶಕ್ತಿಯೇ ಸತ್ತು ವಾಸನೆ ನಿಂತಂತೆ ತೋರುತ್ತದೆ. ಇಳಿದವನು ಗಾಳಿ ಸರಿಹೋಯಿತೆಂದುಕೊಳ್ಳುತ್ತಾನೆ, ನಿಜವಾಗಿ ಅದೇ ಸಾವಿನ ಸೂಚನೆ. ಆ ಗಾಳಿ ಹೊರಗಿನ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ನಿಲ್ಲುತ್ತದೆ. ಹೂಳನ್ನು ಕದಡಿದಾಗ ಒಮ್ಮೆಗೇ ಹೊರಬರುತ್ತದೆ. ಒಬ್ಬ ಬಿದ್ದರೆ ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನೂ ಬೀಳುತ್ತಾನೆ. 2017ರ ಜುಲೈ 15ರಂದು ಘಿಟೋರ್ನಿಯಲ್ಲಿ ನಾಲ್ವರು ಸತ್ತರು. ಆಗಸ್ಟ್ 6ರಂದು ಲಾಜಪತ್ ನಗರದಲ್ಲಿ ಮೂವರು. ಇಲ್ಲಿಂದ ಲಾಜಪತ್ ನಗರ ಎಷ್ಟು ದೂರವೆಂದು ನಿಮಗೆ ಹೇಳಬೇಕಾಗಿಲ್ಲ, ತರಕಾರಿಗೆ, ಬಟ್ಟೆಗೆ ಹೋಗಿ ಬರುವ ಜಾಗ. ಆ ತಿಂಗಳ 20ನೆಯ ತಾರೀಖಿನೊಳಗೆ ದೆಹಲಿಯಲ್ಲಿ ಹೀಗೆ ಸತ್ತವರ ಸಂಖ್ಯೆ ಹತ್ತಾಯಿತು. ಮರುವರ್ಷ, 2018ರ ಸೆಪ್ಟೆಂಬರಿನಲ್ಲಿ, ಮೋತಿನಗರದ ದೊಡ್ಡ ವಸತಿ ಸಮುಚ್ಚಯವೊಂದರ ಕೊಳೆನೀರಿನ ತೊಟ್ಟಿಯಲ್ಲಿ ಐವರು ಸತ್ತರು. ದ್ವಾರಕೆ, ನೋಯಿಡಾ, ಗುರುಗ್ರಾಮಗಳ ಎತ್ತರದ ಕಟ್ಟಡಗಳಲ್ಲಿ ವಾಸಮಾಡುವ ನಮ್ಮ ಬಂಧುಗಳು ಈ ಕಡೆಯ ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ನಿಮ್ಮ ನೆಲಮಾಳಿಗೆಯ ತೊಟ್ಟಿಯನ್ನು ಯಾರು, ಹೇಗೆ ಚೊಕ್ಕಟಮಾಡುತ್ತಾರೆಂದು ಸೊಸೈಟಿಯ ಸಭೆಯಲ್ಲಿ ಎಂದಾದರೂ ಯಾರಾದರೂ ಕೇಳಿದ್ದುಂಟೆ?

ಕಾನೂನು ಇಲ್ಲವೆಂದಲ್ಲ. 2013ರ ಕಾಯಿದೆಯ ಪ್ರಕಾರ ರಕ್ಷಣೆಯ ಸಾಧನಗಳಿಲ್ಲದೆ ಯಾರನ್ನೂ ಸೀವರಿಗೆ, ಸೆಪ್ಟಿಕ್ ತೊಟ್ಟಿಗೆ ಇಳಿಸಕೂಡದು. ಈ ನಿಷೇಧ ಕಚೇರಿಗಳಿಗೆ, ಕಂಟ್ರಾಕ್ಟರಿಗೆ ಮಾತ್ರವಲ್ಲ, ಯಾವ ವ್ಯಕ್ತಿಗೂ ಅನ್ವಯಿಸುತ್ತದೆ. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಸಜೆ, ಇಲ್ಲವೆ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ, ದೆಹಲಿ ಬೆಂಗಳೂರುಗಳೂ ಸೇರಿದಂತೆ ಆರು ಮಹಾನಗರಗಳಲ್ಲಿ ಕೈಯಿಂದ ಸೀವರು ಬಳಿಯುವುದನ್ನು ನಿಲ್ಲಿಸಬೇಕೆಂದು ಆಜ್ಞೆ ಮಾಡಿತು. ಕೇಂದ್ರ ಸರ್ಕಾರ 2020ರಲ್ಲಿ ‘ಮ್ಯಾನ್‌ಹೋಲ್’ ಎಂಬ ಮಾತನ್ನೇ ಬಿಟ್ಟು ‘ಮಷೀನ್‌ಹೋಲ್’ ಎನ್ನಬೇಕೆಂದು ಹೇಳಿತು. ಕನ್ನಡದಲ್ಲಿ ನಾವು ಅದನ್ನು ‘ಆಳುಗುಂಡಿ’ ಎಂದು ಕರೆದಿದ್ದೇವೆ. ಗುಂಡಿಯ ಹೆಸರಿನಲ್ಲೇ ಆಳು ಇದ್ದಾನೆ. ಹೆಸರು ಬದಲಾಯಿಸಿದರೆ ಸಾಲದು, ಆದರೂ ಬದಲಾಗಬೇಕಾದ ಹೆಸರೇ.

ಈ ವಿಚಾರದಲ್ಲಿ ಕನ್ನಡನಾಡಿಗೆ ಒಂದು ವಿಶೇಷ ಸಂಬಂಧವಿದೆ. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು 1970ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಕೈಹಾಕಿದವರು ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದರು. 2014ರ ತೀರ್ಪು ಬಂದದ್ದು ಆ ಆಂದೋಲನ ಹೂಡಿದ ಮೊಕದ್ದಮೆಯಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ನಮ್ಮ ನಾಡಿನ ಚಿನ್ನದ ವಿಷಯ ಮಾತನಾಡುವಾಗ ಆ ಊರಿನ ಈ ಮಗನನ್ನೂ ನೆನೆಯುವುದು ಉಚಿತ. ಹಾಗೆಂದು ನಾವು ಬೀಗಬೇಕಾಗಿಯೂ ಇಲ್ಲ. ಬಸವಲಿಂಗಪ್ಪನವರ ಪ್ರಯತ್ನವಾಗಿ ಮೂರು ದಶಕಗಳು ಕಳೆದಿದ್ದರೂ, 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ಕೆಲಸಕ್ಕೆ ಕಟ್ಟುಬಿದ್ದ ಜನ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪುರಸಭೆಯ ಮುಂದೆ ನಿಂತರು.

ಯಂತ್ರಗಳು ಬರುತ್ತಿವೆ. 2019ರ ಫೆಬ್ರುವರಿಯಲ್ಲಿ ಜಲಮಂಡಳಿ ದೆಹಲಿಯ ಇಕ್ಕಟ್ಟಾದ ಗಲ್ಲಿಗಳಿಗೂ ಹೋಗಬಲ್ಲ 200 ಸಣ್ಣ ಗಾಡಿಗಳನ್ನು ಕೆಲಸಕ್ಕೆ ಇಳಿಸಿತು. ಕೇರಳದ ತರುಣ ಇಂಜಿನಿಯರುಗಳು ಗುಂಡಿಗೆ ತಾನೇ ಇಳಿದು ಹೂಳೆತ್ತುವ ಯಂತ್ರವನ್ನು ಮಾಡಿ 2018ರಲ್ಲಿ ತಿರುವನಂತಪುರದಲ್ಲಿ ಬಳಕೆಗೆ ತಂದರು. ಬಿಲ ತೋಡುವ ಹೆಗ್ಗಣದ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಆದರೆ ಗಾಡಿಯನ್ನು ಕರೆಸಿದರೆ ಎರಡು ದಿನ ಕಾಯಬೇಕು, ಕೂಲಿಯವನನ್ನು ಕರೆದರೆ ಅರ್ಧ ಗಂಟೆಯಲ್ಲಿ ಬರುತ್ತಾನೆ. ಮನೆಯಲ್ಲಿ ನೆಂಟರಿದ್ದಾರೆ, ನಾಳೆ ಮಗುವಿನ ನಾಮಕರಣ, ಹಿತ್ತಿಲಲ್ಲಿ ಕೊಳೆನೀರು. ಕೈಯಲ್ಲಿ ನಾಲ್ಕು ನೂರರ ನೋಟುಗಳು. ಸಾವುಗಳಲ್ಲಿ ಎಷ್ಟೋ ಹುಟ್ಟುವುದು ಈ ಅರ್ಧ ಗಂಟೆಯಲ್ಲಿ. ಆದಕಾರಣ ತಡೆಯೇ ಆಗದಂತೆ ನೋಡಿಕೊಳ್ಳುವುದು ಬರಿಯ ಅಚ್ಚುಕಟ್ಟುತನದ ಮಾತಲ್ಲ.

ಈಗ ಅಡುಗೆಮನೆಗೆ ಬರೋಣ. ತಾಯಂದಿರಿಗೆ ಮಾತ್ರ ಹೇಳುತ್ತಿಲ್ಲ. ಈ ಕಾಲದಲ್ಲಿ ಪಾತ್ರೆ ತೊಳೆಯುವ ಮಹನೀಯರೂ ಇಲ್ಲಿ ಕೂತಿದ್ದಾರೆ.

ಮೊದಲನೆಯ ಶತ್ರು ಜಿಡ್ಡು. ಕರಿದ ಎಣ್ಣೆ, ತುಪ್ಪ, ಡಾಲ್ಡಾ, ಹಾಲಿನ ಕೆನೆ. ಬಿಸಿಯಿದ್ದಾಗ ನೀರಿನಂತೆಯೇ ಇಳಿದುಹೋಗುತ್ತದೆ, ಹತ್ತು ಅಡಿ ಆಚೆ ತಣ್ಣಗಾಗಿ ಕೊಳವೆಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಇದರ ತೀವ್ರತೆ ಅಷ್ಟಾಗಿ ಗೊತ್ತಾಗದು. ದೆಹಲಿಯ ಪೌಷಮಾಸದಲ್ಲಿ ಕಪಾಟಿನ ತೆಂಗಿನೆಣ್ಣೆ ಕಲ್ಲಾಗುವುದನ್ನು ನೋಡುತ್ತೇವಲ್ಲ, ಕೊಳವೆಯೊಳಗೂ ಅದೇ ಚಳಿ. ಬಿಸಿನೀರು, ಸಾಬೂನು ಹಾಕಿ ಬಿಟ್ಟರೆ ಆಯಿತೆಂದು ಕೆಲವರು ತಿಳಿದಿದ್ದಾರೆ. ಅದರಿಂದ ಆಗುವುದು ಇಷ್ಟೇ: ನಮ್ಮ ಕೊಳವೆಯಲ್ಲಿ ಕೂರಬೇಕಾದ ಜಿಡ್ಡು ಪಕ್ಕದ ಮನೆಯವರ ಮುಂದಿನ ಕೊಳವೆಯಲ್ಲಿ ಕೂರುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಎಂಬಲ್ಲಿ ಸೀವರಿನೊಳಗೆ 250 ಮೀಟರು ಉದ್ದದ, 130 ಟನ್ನು ತೂಕದ ಜಿಡ್ಡಿನ ಬಂಡೆ ಸಿಕ್ಕಿತು. ಅಡುಗೆಯ ಕೊಬ್ಬು ಒರೆಸುವ ಬಟ್ಟೆಗಳ ಜೊತೆ ಸೇರಿ ಗಟ್ಟಿಯಾದದ್ದು. ಅದನ್ನು ಒಡೆದು ತೆಗೆಯಲು ವಾರಗಟ್ಟಲೆ ಹಿಡಿಯಿತು, ಒಂದು ತುಂಡನ್ನು ಮ್ಯೂಸಿಯಮ್ಮಿನಲ್ಲಿಯೂ ಇಟ್ಟರು! ಮಾಡಬೇಕಾದದ್ದು ಸುಲಭ: ಬಾಣಲೆಯನ್ನೂ ಒಗ್ಗರಣೆ ಸೌಟನ್ನೂ ತೊಳೆಯುವ ಮುಂಚೆ ಹಳೆಯ ಪತ್ರಿಕೆಯ ಚೂರಿನಿಂದ ಒರೆಸಿ, ಆ ಕಾಗದವನ್ನು ಕಸದ ಡಬ್ಬಿಗೆ ಹಾಕುವುದು. ಕರಿದು ಉಳಿದ ಎಣ್ಣೆಯನ್ನು ಬಾಟಲಿಯಲ್ಲಿ ತುಂಬಿಡುವುದು. ಕಾಗದದಿಂದ ಒರೆಸುವುದು ಮುಸುರೆಯ ನಿಯಮಕ್ಕೆ ವಿರುದ್ಧವೇನೋ ಎಂದು ಹಿರಿಯರೊಬ್ಬರು ಕೇಳಿದ್ದುಂಟು. ನಮಗೆ ತಿಳಿದ ಯಾವ ಶಾಸ್ತ್ರದಲ್ಲಿಯೂ ಜಿಡ್ಡನ್ನು ನೆರೆಯವರ ಮೋರಿಗೆ ಬಿಡಬೇಕೆಂಬ ವಿಧಿಯಿಲ್ಲ.

ಎರಡನೆಯದು ನಮ್ಮವರದೇ ಆದ ವಿಶೇಷ. ತೆಂಗಿನಕಾಯಿಯ ಜುಂಗು. ಕಾಯಿ ಒಡೆಯುವ ಮುಂಚೆ ತೊಟ್ಟಿಯ ಮೇಲೆಯೇ ಸುಲಿದು, ನಾರು ಕೊಚ್ಚಿಹೋಗಲೆಂದು ನಲ್ಲಿ ಬಿಡುವುದುಂಟು. ನಾರು ಕೊಚ್ಚಿಹೋಗುವುದಿಲ್ಲ, ಬಲೆಯಂತೆ ಹರಡಿ ನಿಲ್ಲುತ್ತದೆ; ಬಳಿಕ ಬಂದದ್ದೆಲ್ಲ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹುಣಿಸೆಯ ಗಷ್ಟು, ಕಾಫಿಯ ಗಸಿ, ಕರಿಬೇವು, ರುಬ್ಬುವ ಯಂತ್ರ ತೊಳೆದ ಗಟ್ಟಿ ಹಿಟ್ಟು, ಇವೆಲ್ಲವೂ ಇದೇ ಜಾತಿ. ಕಾಫಿಯ ಗಸಿ ತಳದಲ್ಲಿ ಮರಳಿನಂತೆ ಕೂರುತ್ತದೆ; ಅದನ್ನು ಕುಂಡದ ಗಿಡಕ್ಕೆ ಹಾಕಿದರೆ ಊರಿನ ಬಾಳೆಯನ್ನು ನೆನೆದಂತೆಯೂ ಆಗುತ್ತದೆ. ತೊಟ್ಟಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಇಟ್ಟು, ದಿನಕ್ಕೊಮ್ಮೆ ಅದನ್ನು ಕಸದ ಡಬ್ಬಿಗೆ ತಟ್ಟಿದರೆ ಅರ್ಧ ಕೆಲಸ ಮುಗಿಯಿತು. ತಟ್ಟಬೇಕಾದದ್ದು ಡಬ್ಬಿಗೆ, ಪಾಯಿಖಾನೆಗಲ್ಲ.

ದೀಪಾವಳಿ ಈಗಷ್ಟೇ ಕಳೆದಿದೆ. ನರಕಚತುರ್ದಶಿಯ ಎಣ್ಣೆಸ್ನಾನದಲ್ಲಿ ಎಣ್ಣೆ, ಕಡಲೆಹಿಟ್ಟು, ಸೀಗೆಪುಡಿ, ಉದುರಿದ ಕೂದಲು, ಎಲ್ಲವೂ ಒಂದೇ ಬೆಳಗಿನಲ್ಲಿ ಒಂದೇ ಓಣಿಯ ಹಲವು ಬಚ್ಚಲುಗಳಿಂದ ಇಳಿಯುತ್ತವೆ. ಮೇಲೆ ಅಂಗಳದ ರಂಗೋಲಿ ಪುಡಿಯನ್ನೂ ಹಣತೆಯ ಚೂರುಗಳನ್ನೂ ನೀರು ಹಾಕಿ ಜಾಲಿಯ ಕಡೆಗೆ ತಳ್ಳುವುದು. ಹಬ್ಬ ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ರಂಗೋಲಿಯನ್ನು ನೀರಿಗೆ ಮೊದಲು ಪೊರಕೆ ಕಾಣಲಿ; ಸ್ನಾನದ ಮನೆಯ ಜಾಲರಿಯ ಕೂದಲನ್ನು ಅಂದೇ ಎತ್ತಿ ಹಾಕಲಿ.

ಪಾಯಿಖಾನೆಯ ವಿಷಯದಲ್ಲಿ ನಿಯಮ ಒಂದೇ. ದೇಹದಿಂದ ಬಂದದ್ದು, ನೀರು, ಇವೆರಡನ್ನು ಬಿಟ್ಟು ಬೇರೆ ಏನೂ ಹೋಗಬಾರದು. ಮಕ್ಕಳ ಡೈಪರು, ಸ್ಯಾನಿಟರಿ ಪ್ಯಾಡು, ಹತ್ತಿ, ಒದ್ದೆ ಒರೆಸುವ ಹಾಳೆಗಳು, ಯಾವುದೂ ಕರಗುವುದಿಲ್ಲ. ‘ಫ್ಲಷ್ ಮಾಡಬಹುದು’ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿದ್ದರೂ ನಂಬಬೇಡಿ. ಪ್ಯಾಡು ನೀರು ಕುಡಿದು ಉಬ್ಬುತ್ತದೆ. ನಾಲ್ಕಂಗುಲದ ಕೊಳವೆಗೆ ಅದಕ್ಕಿಂತ ಒಳ್ಳೆಯ ಬಿರಡೆ ಬೇಕಿಲ್ಲ. ಕಾಗದದಲ್ಲಿ ಸುತ್ತಿ ಬೇರೆಯಾಗಿ ಕಸದವರಿಗೆ ಕೊಡಿ. ಇದನ್ನು ಹೆಣ್ಣುಮಕ್ಕಳಿಗೆ ನಾಚಿಕೆಯಿಲ್ಲದೆ ಹೇಳಿಕೊಡುವುದು ತಾಯಂದಿರ ಕರ್ತವ್ಯ. ಮನೆಗೆಲಸಕ್ಕೆ ಬರುವವರಿಗೂ ಗದರದೆ, ಮರ್ಯಾದೆಯಿಂದ, ಕಾರಣ ಸಹಿತ ಹೇಳಬೇಕು.

ಮಳೆಯ ದಿನ ಇನ್ನೊಂದು ಅನರ್ಥ ನಡೆಯುತ್ತದೆ. ಅಂಗಳದಲ್ಲಿ ನೀರು ನಿಂತಿತೆಂದು ಯಾರೋ ಉಪಕಾರಿಗಳು ಸೀವರಿನ ಮುಚ್ಚಳವನ್ನೇ ಸರಿಸಿಬಿಡುತ್ತಾರೆ. ನಿಂತ ನೀರು ಸುಳಿ ಸುತ್ತಿ ಇಳಿಯುವುದನ್ನು ನೋಡಿ ಎಲ್ಲರಿಗೂ ಸಂತೋಷ. ಅದರೊಡನೆ ಅಂಗಳದ ಮಣ್ಣು, ಎಲೆ, ಪ್ಲಾಸ್ಟಿಕ್ ಚೀಲ ಎಲ್ಲವೂ ಮಳೆನೀರಿಗೆಂದು ಲೆಕ್ಕ ಹಾಕದ ಕೊಳವೆಗೆ ಇಳಿಯುತ್ತವೆ, ಕೆಳಗಿನ ಬೀದಿಯಲ್ಲಿ ಉಕ್ಕುತ್ತವೆ. ತೆರೆದ ಗುಂಡಿ ನೀರಿನ ಕೆಳಗೆ ಮರೆಯಾಗಿ, ಶಾಲೆಯಿಂದ ಬರುವ ಮಗುವಿಗಾಗಿ ಕಾದಿರುತ್ತದೆ. ಮಾಡುವುದಾದರೆ ಮಳೆಚರಂಡಿಯ ಬಾಯಿಗೆ ಅಡ್ಡಬಿದ್ದ ಬೇವಿನೆಲೆಯನ್ನೂ ಚೀಲಗಳನ್ನೂ ಮಳೆಗೆ ಮುಂಚೆ ಬಾಚಿ ತೆಗೆಯಬಹುದು. ಮುಚ್ಚಳ ಕಾಣೆಯಾಗಿದ್ದರೆ ಒಂದು ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟು ಆ ಕೂಡಲೇ ದೂರು ಕೊಡಬೇಕು.

ಅಂಗಡಿಯಲ್ಲಿ ಸಿಗುವ ಆಸಿಡ್ಡನ್ನು ಬಚ್ಚಲಿಗೆ ಸುರಿಯುವವರಿಗೆ ಒಂದು ಮಾತು. ಅದು ಹಳೆಯ ಕೊಳವೆಯ ಕೀಲುಗಳನ್ನು ತಿನ್ನುತ್ತದೆ. ತಡೆ ಬಿಡಲಿಲ್ಲವಾದರೆ ಅಲ್ಲೇ ನಿಂತಿದ್ದು, ಬಳಿಕ ಚೇಂಬರನ್ನು ತೆಗೆಯಲು ಬಂದವನ ಕೈಮುಖಕ್ಕೆ ಸಿಡಿಯುತ್ತದೆ. ರಬ್ಬರಿನ ಬಟ್ಟಲು ಕಟ್ಟಿದ ಪ್ಲಂಜರು ಮನೆಮನೆಯಲ್ಲಿ ಒಂದಿದ್ದರೆ ಸಣ್ಣ ತಡೆಗಳಿಗೆ ಅದೇ ಸಾಕು.

ಇಷ್ಟಾದರೂ ಮೋರಿ ಕಟ್ಟಿದರೆ? ಮೊದಲು ಮನೆಯ ನಲ್ಲಿಗಳನ್ನು ನಿಲ್ಲಿಸಿ, ಮೇಲಿನ ಮನೆಯವರಿಗೂ ತಿಳಿಸಿ. ಕ್ವಾರ್ಟರ್ಸಿನವರು ಎನ್ಕ್ವೈರಿಯಲ್ಲಿ ದೂರು ಬರೆಸಿ ನಂಬರು ಪಡೆಯಬೇಕು. ನವದೆಹಲಿ ಪುರಸಭೆಯ ರಸ್ತೆಯ ಸಾಲಾದರೆ 1533ಕ್ಕೆ, ಜಲಮಂಡಳಿಯದಾದರೆ 1916ಕ್ಕೆ ಫೋನು ಮಾಡಬೇಕು. ಒಬ್ಬರು ಮಾಡಿದ ದೂರಿಗಿಂತ ಓಣಿಯ ಐದು ಮನೆಯವರು ಮಾಡಿದ ದೂರಿಗೆ ಗಾಡಿ ಬೇಗ ಬರುತ್ತದೆಂಬುದು ಅನುಭವದ ಮಾತು. ಬಂದವರು ಗಾಡಿಯಿಲ್ಲದೆ ಬಂದು, ಒಬ್ಬನು ಅಂಗಿ ಕಳಚಿ ಇಳಿಯಲು ಸಿದ್ಧನಾದರೆ, ಬೇಡವೆನ್ನಬೇಕು. ಅವನ ಕೂಲಿ ಹೋಗುತ್ತದೆಂದು ಮರುಕವಾದರೆ ಕೂಲಿ ಕೊಟ್ಟು ಕಳುಹಿಸಿ, ಇಳಿಸಬೇಡಿ. ಕಂಟ್ರಾಕ್ಟರು ಇಳಿಸಿಯೇ ತೀರುತ್ತೇನೆಂದರೆ 14420 ಎಂಬ ಇನ್ನೊಂದು ನಂಬರಿದೆ. ಸೀವರಿನ ಸುರಕ್ಷತೆಗೆಂದೇ ಇಟ್ಟದ್ದು. ಎರಡು ದಿನ ಗಾಡಿ ಬರದಿದ್ದರೆ ನೆರೆಮನೆಯ ಬಚ್ಚಲನ್ನು ಬಳಸಿ ಕಾಯಬಹುದು. ಇಷ್ಟು ವರ್ಷ ಒಟ್ಟಿಗೆ ಇರುವ ನಮ್ಮ ಓಣಿಗಳಲ್ಲಿ ಅಷ್ಟು ಸಲಿಗೆ ಇದೆ.

ಹೊರಗೆ ಮೇಜಿನ ಮೇಲೆ ಈ ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದ ಕಾಗದಗಳನ್ನು ಇಟ್ಟಿದ್ದೇವೆ. ಮನೆಗೊಂದು ತೆಗೆದುಕೊಂಡು ಹೋಗಿ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಬೇಕು. ಬಾಡಿಗೆಗೆ ಇರುವ ಹೊಸ ಹುಡುಗರಿಗೆ ಕನ್ನಡ ಓದಲು ಬಾರದಿದ್ದರೆ, ಹಿಂದಿಯಲ್ಲಿ ಬರೆದವೂ ಇವೆ.